ಮುಂಬಯಿಯಲ್ಲಿ ಅಪ್ಪ ಕೂಡಿಟ್ಟ ಹಣ: ಮರಳಿ ಪಡೆಯುವ ದಾರಿ

ಮಾಟುಂಗ, ಮುಲುಂಡ್, ಡೊಂಬಿವಲಿ, ಎಲ್ಲೇ ಇರಲಿ, ನಮ್ಮವರ ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದು ಹಳೆಯ ಚೀಲ ಇರುತ್ತದೆ. ಅದರೊಳಗೆ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ಕು, ವಿಜಯಾ ಬ್ಯಾಂಕಿನ ಎಫ್‌ಡಿ ರಸೀದಿ, ಮಡಿಕೆಯಲ್ಲಿ ಹರಿದ ಶೇರು ಸರ್ಟಿಫಿಕೇಟು, ಎಲ್‌ಐಸಿ ಪಾಲಿಸಿ. ಇಟ್ಟವರು ತೀರಿಕೊಂಡು ವರ್ಷಗಳಾಗಿವೆ. ‘ಆ ಬ್ಯಾಂಕೇ ಈಗಿಲ್ಲ, ಇನ್ನೆಲ್ಲಿ ದುಡ್ಡು’ ಎಂದು ಮನೆಯವರು ಕೈಬಿಟ್ಟಿರುತ್ತಾರೆ.

ಆ ಹಣ ಎಲ್ಲಿಗೂ ಹೋಗಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಿದೆ, ಅಷ್ಟೇ. ಹೀಗೆ ಯಾರೂ ಕೇಳದೆ ಉಳಿದು ರಿಸರ್ವ್ ಬ್ಯಾಂಕಿನ ನಿಧಿ ಸೇರಿದ ಹಣ 2024ರ ಮಾರ್ಚ್ ಕೊನೆಗೆ 78,213 ಕೋಟಿ ರೂಪಾಯಿ. ಇದು ಬ್ಯಾಂಕ್ ಠೇವಣಿಯ ಲೆಕ್ಕ ಮಾತ್ರ. ಶೇರು, ಡಿವಿಡೆಂಡು (ಕಂಪನಿ ಶೇರುದಾರರಿಗೆ ಹಂಚುವ ಲಾಭ), ವಿಮೆಯ ಲೆಕ್ಕ ಬೇರೆಯೇ ಇದೆ. ಇದರಲ್ಲಿ ದೊಡ್ಡ ಶ್ರೀಮಂತರ ಹಣಕ್ಕಿಂತ, ಹೋಟೆಲಿನಲ್ಲಿ ದುಡಿದವರು, ಕ್ಲಾರ್ಕುಗಳು, ಮಿಲ್ಲಿನವರು, ಟೀಚರುಗಳು ಸ್ವಲ್ಪ ಸ್ವಲ್ಪವೇ ಕೂಡಿಟ್ಟದ್ದು ಮರೆತುಹೋಗುವ ಸಾಧ್ಯತೆ ಜಾಸ್ತಿ. ಶ್ರೀಮಂತರಿಗೆ ಲೆಕ್ಕ ನೋಡಿಕೊಳ್ಳಲು ಜನ ಇರುತ್ತಾರೆ. ನಮ್ಮವರಿಗೆ ಆ ಚೀಲ ಮಾತ್ರ.

ಮೊದಲು ಬ್ಯಾಂಕಿನ ವಿಷಯ ನೋಡೋಣ, ಯಾಕೆಂದರೆ ಮುಂಬಯಿ ಕನ್ನಡಿಗರಿಗೆ ಗೊಂದಲ ಶುರುವಾಗುವುದೇ ಅಲ್ಲಿ. ಉಡುಪಿ, ಮಂಗಳೂರು ಕಡೆಯಿಂದ ಇಲ್ಲಿಗೆ ಬಂದವರು ಊರಿನ ಬ್ಯಾಂಕನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಕೌಂಟರಿನ ಆಚೆ ಕೂತವರು ಕನ್ನಡವೋ ತುಳುವೋ ಕೊಂಕಣಿಯೋ ಮಾತಾಡುತ್ತಿದ್ದರು, ಅದೇ ದೊಡ್ಡ ಧೈರ್ಯ. ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರು ಮಾಡಿತ್ತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಬಂದು ತೆಗೆದುಕೊಂಡು ಹೋಗುತ್ತಿದ್ದ. ಹೀಗೆ ಉಳಿತಾಯ ಕಲಿಸಿದ ಬ್ಯಾಂಕುಗಳ ಬೋರ್ಡುಗಳೇ ಈಗ ಬದಲಾಗಿವೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್‌ಬಿಐ ಆಗಿತ್ತು. ವೈಶ್ಯ ಬ್ಯಾಂಕಿನ ಪಾಸ್‌ಬುಕ್ ಇದ್ದರೆ ಅದು ಐಎನ್‌ಜಿ ವೈಶ್ಯ ಆಗಿ, 2015ರಲ್ಲಿ ಕೋಟಕ್ ಮಹೀಂದ್ರಾಕ್ಕೆ ಸೇರಿದೆ.

ವಿಲೀನ ಆದಾಗ ಹಳೆಯ ಬ್ಯಾಂಕಿನ ಸಾಲ, ಠೇವಣಿ, ಹೊಣೆ ಎಲ್ಲವೂ ಹೊಸ ಬ್ಯಾಂಕಿನ ತಲೆಗೆ ಬರುತ್ತದೆ. ಆದ್ದರಿಂದ ಸಿಂಡಿಕೇಟ್ ಪಾಸ್‌ಬುಕ್ ಹಿಡಿದುಕೊಂಡು ಕೆನರಾ ಬ್ಯಾಂಕಿಗೆ ಹೋದರೆ ‘ಇದು ನಮ್ಮದಲ್ಲ’ ಎಂದು ಅವರು ಹೇಳುವಂತಿಲ್ಲ. ಹಳೆಯ ಬ್ರಾಂಚ್ ಮುಚ್ಚಿದ್ದರೆ ಅದರ ಖಾತೆಗಳು ಪಕ್ಕದ ಯಾವುದೋ ಬ್ರಾಂಚಿಗೆ ಹೋಗಿರುತ್ತವೆ. ಯಾವ ಬ್ರಾಂಚಿಗೆ ಎಂದು ಹುಡುಕಿಕೊಡುವುದು ಅವರ ಕೆಲಸ.

ಇನ್ನು ಎರಡು ಪದ ಬಿಡಿಸಿ ನೋಡಬೇಕು, ಯಾಕೆಂದರೆ ಕೌಂಟರಿನಲ್ಲಿ ಇವನ್ನು ಒಂದೇ ಎಂಬಂತೆ ಬಳಸುತ್ತಾರೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾತೆದಾರರು ಏನೂ ವ್ಯವಹಾರ ಮಾಡದಿದ್ದರೆ ಖಾತೆ ‘ಇನ್‌ಆಪರೇಟಿವ್’ ಆಗುತ್ತದೆ. ಹಣ ಅಲ್ಲೇ ಇರುತ್ತದೆ, ಉಳಿತಾಯ ಖಾತೆಗೆ ಬಡ್ಡಿಯೂ ಬೀಳುತ್ತಿರುತ್ತದೆ. ಕೆವೈಸಿ ಕಾಗದ, ಅಂದರೆ ಗುರುತು ಮತ್ತು ವಿಳಾಸದ ದಾಖಲೆ ಕೊಟ್ಟರೆ ಮತ್ತೆ ಚಾಲೂ ಆಗುತ್ತದೆ. ಇದಕ್ಕೆ ಬ್ಯಾಂಕ್ ಚಾರ್ಜ್ ಹಾಕುವಂತಿಲ್ಲ. ಇಂಥ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲವೆಂದು ದಂಡ ಕತ್ತರಿಸುವಂತೆಯೂ ಇಲ್ಲ. 2024ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಸ್ಪಷ್ಟ ಆದೇಶವೇ ಇದೆ.

ಹತ್ತು ವರ್ಷ ದಾಟಿದರೆ ಅದು ‘ಅನ್‌ಕ್ಲೇಮ್ಡ್’, ಅಂದರೆ ಯಾರೂ ಕೇಳಿಕೊಂಡು ಬಾರದ ಹಣ. ಆಗ ಬ್ಯಾಂಕು ಅದನ್ನು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸುತ್ತದೆ. 2014ರಲ್ಲಿ ಶುರುವಾದ ಈ ನಿಧಿಯ ಹೆಸರು ಡೆಪಾಸಿಟರ್ ಎಜುಕೇಷನ್ ಅಂಡ್ ಅವೇರ್‌ನೆಸ್ ಫಂಡ್, ಬಾಯಿಮಾತಿನಲ್ಲಿ ಡಿಇಎ ಫಂಡ್. ಜನ ಹೆದರುವುದು ಇಲ್ಲಿಯೇ. ‘ಆರ್‌ಬಿಐಗೆ ಹೋಯ್ತು’ ಎಂದರೆ ಸರ್ಕಾರ ನುಂಗಿಹಾಕಿತು ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಹಾಗಲ್ಲ. ಹತ್ತು ವರ್ಷ ದಾಟಿದ ಮೇಲೂ ಖಾತೆದಾರರೋ ವಾರಸುದಾರರೋ ಯಾವಾಗ ಬೇಕಾದರೂ ಬಂದು ಕೇಳಬಹುದು. ಇದಕ್ಕೆ ಕೊನೆಯ ದಿನ ಅಂತ ಇಲ್ಲ. ಬ್ಯಾಂಕು ತನ್ನ ಕೈಯಿಂದ ನಿಮಗೆ ಕೊಟ್ಟು, ಆಮೇಲೆ ಆ ನಿಧಿಯಿಂದ ತರಿಸಿಕೊಳ್ಳುತ್ತದೆ. ನೀವು ರಿಸರ್ವ್ ಬ್ಯಾಂಕಿನ ಬಾಗಿಲಿಗೆ ಹೋಗಬೇಕಾಗಿಲ್ಲ. ಬಡ್ಡಿ ಬರುವ ಠೇವಣಿ ಆಗಿದ್ದರೆ ನಿಧಿಯಲ್ಲಿದ್ದ ಕಾಲಕ್ಕೂ ಸ್ವಲ್ಪ ಬಡ್ಡಿ ಸಿಗುತ್ತದೆ. 2021ರ ಮೇ 11ರಿಂದ ಅದು ವರ್ಷಕ್ಕೆ ನೂರಕ್ಕೆ 3ರಂತೆ ಸರಳ ಬಡ್ಡಿ. ಜಾಸ್ತಿಯೇನೂ ಅಲ್ಲ, ಆದರೆ ಬಿಟ್ಟುಕೊಡಬೇಕಾಗಿಯೂ ಇಲ್ಲ.

ಪಾಸ್‌ಬುಕ್ಕೇ ಇಲ್ಲ, ಯಾವ ಬ್ಯಾಂಕೋ ಗೊತ್ತಿಲ್ಲ ಎನ್ನುವವರಿಗೆ ‘ಉದ್ಗಮ್’ ಎಂಬ ವೆಬ್‌ಸೈಟ್ ಇದೆ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 17ರಂದು ಇದನ್ನು ಶುರು ಮಾಡಿತು. ಮುಂಚೆ ಒಂದೊಂದು ಬ್ಯಾಂಕಿನ ಸೈಟಿಗೂ ಹೋಗಿ ಬೇರೆ ಬೇರೆ ಹುಡುಕಬೇಕಿತ್ತು. 2024ರ ಮಾರ್ಚ್ ಹೊತ್ತಿಗೆ 30 ಬ್ಯಾಂಕುಗಳು ಇದರಲ್ಲಿ ಸೇರಿದ್ದವು. ನಿಧಿಯಲ್ಲಿರುವ ಹಣದ ಸುಮಾರು ನೂರಕ್ಕೆ 90 ಪಾಲು ಈ ಬ್ಯಾಂಕುಗಳದ್ದೇ. ನಿಮ್ಮ ಮೊಬೈಲ್ ನಂಬರಿನಿಂದ ನೋಂದಾಯಿಸಿಕೊಂಡು, ಖಾತೆದಾರರ ಹೆಸರು ಹಾಕಿ, ಪ್ಯಾನ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ ಇವುಗಳಲ್ಲಿ ಒಂದನ್ನು ಕೊಡಬೇಕು. ಅಪ್ಪನ ಕಾಲದ ಖಾತೆಗೆ ಪ್ಯಾನ್ ಎಲ್ಲಿರುತ್ತದೆ, ಅಲ್ವಾ? ಅಂಥವರಿಗೆ ವಿಳಾಸ ಹಾಕಿ ಹುಡುಕುವ ದಾರಿಯೂ ಇದೆ. ಹೆಸರಿನ ಕಾಗುಣಿತ ಬದಲಿಸಿ ಬದಲಿಸಿ ನೋಡಿ. ‘ಪೂಜಾರಿ’ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬ ಕ್ಲಾರ್ಕ್ ಒಂದು ಥರ, ಇನ್ನೊಬ್ಬ ಇನ್ನೊಂದು ಥರ ಬರೆದಿರುತ್ತಾನೆ. ವಿಳಾಸವೂ ಅಷ್ಟೇ. ಈಗಿನ ಫ್ಲ್ಯಾಟಿನದ್ದು ಹಾಕಿದರೆ ಸಿಗುವುದಿಲ್ಲ. ಖಾತೆ ತೆರೆದಾಗ ಅವರು ಯಾವ ಚಾಳಿನಲ್ಲಿದ್ದರು, ಯಾವ ಹೋಟೆಲಿನ ವಿಳಾಸ ಕೊಟ್ಟಿದ್ದರು, ಅದು ಬೇಕು. ಸಿಕ್ಕಿದರೆ ಒಂದು ರೆಫರೆನ್ಸ್ ನಂಬರ್ ಬರುತ್ತದೆ. ಅದನ್ನು ತೆಗೆದುಕೊಂಡು ಬ್ಯಾಂಕಿಗೆ ಹೋಗಬೇಕು. ಉದ್ಗಮ್ ಹುಡುಕಿಕೊಡುತ್ತದೆ ಅಷ್ಟೇ, ಹಣ ಕೊಡುವುದು ಬ್ಯಾಂಕೇ.

ನಮ್ಮ ಸಮುದಾಯಗಳು ಕಟ್ಟಿದ ಸಣ್ಣ ಸಹಕಾರಿ ಬ್ಯಾಂಕುಗಳಲ್ಲಿ ಹಣವಿದ್ದರೆ ಉದ್ಗಮ್‌ನಲ್ಲಿ ಕಾಣದೇ ಇರಬಹುದು. ಅವಕ್ಕೂ ಡಿಇಎ ಫಂಡಿನ ನಿಯಮ ಅನ್ವಯಿಸುತ್ತದೆ. ಹಾಗಾಗಿ ಆ ಬ್ಯಾಂಕಿನ ವೆಬ್‌ಸೈಟಿನ ಪಟ್ಟಿ ನೋಡಿ ಅಥವಾ ನೇರ ಬ್ರಾಂಚಿಗೆ ಹೋಗಿ. ಇಲ್ಲಿ ‘ಪತ್‌ಪೇಢಿ’ ಎಂದು ಕರೆಯುವ ಕ್ರೆಡಿಟ್ ಸೊಸೈಟಿಗಳ ಕಥೆ ಬೇರೆ. ಅವು ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ, ಸಹಕಾರ ಇಲಾಖೆಯ ಕೆಳಗೆ ಬರುತ್ತವೆ.

ಖಾತೆದಾರರು ತೀರಿಕೊಂಡಿದ್ದಾರೆ ಎಂದಾಗ ಬ್ಯಾಂಕಿನವರು ಮೊದಲು ಕೇಳುವುದು ನಾಮಿನಿ ಇದ್ದಾರಾ ಎಂದು. ನಾಮಿನಿ ಇದ್ದರೆ ಕೆಲಸ ಸುಲಭ. ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ಕ್ಲೇಮ್ ಫಾರ್ಮ್, ಇಷ್ಟೇ. ವಾರಸುದಾರರು ಇವರೇ ಎಂದು ಕೋರ್ಟು ಕೊಡುವ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ ಎಂದು ಅವರು ಹಟ ಹಿಡಿಯುವಂತಿಲ್ಲ, ಮೊತ್ತ ಎಷ್ಟೇ ಇರಲಿ. ಹಾಗಂತ ಹಣ ನಾಮಿನಿಯ ಸ್ವಂತದ್ದಾಗುತ್ತದೆ ಎಂದಲ್ಲ. ನಾಮಿನಿ ಎಂದರೆ ವಾರಸುದಾರರ ಪರವಾಗಿ ಹಣ ಕೈಗೆ ತೆಗೆದುಕೊಳ್ಳುವವರು. ಶೇರಿನ ವಿಷಯದಲ್ಲೂ ಹಾಗೆಯೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಆ ಮೊಕದ್ದಮೆ ನಮ್ಮ ಮುಂಬಯಿಯ ಹೈಕೋರ್ಟಿನಿಂದಲೇ ಮೇಲೆ ಹೋದದ್ದು. ಅಣ್ಣನ ಹೆಸರು ನಾಮಿನಿಯಾಗಿ ಇದ್ದ ಮಾತ್ರಕ್ಕೆ ಊರಲ್ಲಿರುವ ತಂಗಿಯ ಪಾಲು ಹೋಗುವುದಿಲ್ಲ. ಮನೆಯೊಳಗೆ ಇದನ್ನು ಮೊದಲೇ ಮಾತಾಡಿಕೊಂಡರೆ ಮುಂದಿನ ಮನಸ್ತಾಪ ತಪ್ಪುತ್ತದೆ.

ನಾಮಿನಿ ಇಲ್ಲದಿದ್ದರೂ ಸಣ್ಣ ಮೊತ್ತಕ್ಕೆ ಕೋರ್ಟು ಬೇಡ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮದ ಪ್ರಕಾರ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಸರಳ ದಾರಿ ಇದೆ. ಕ್ಲೇಮ್ ಮಾಡುವವರು ಇಂಡೆಮ್ನಿಟಿ ಬಾಂಡ್, ಅಂದರೆ ಮುಂದೆ ಬೇರೆ ಯಾರಾದರೂ ಹಕ್ಕು ಹೇಳಿಕೊಂಡು ಬಂದರೆ ನಷ್ಟ ತುಂಬಿಕೊಡುತ್ತೇವೆ ಎಂಬ ಪತ್ರ ಬರೆದುಕೊಡಬೇಕು. ಉಳಿದ ವಾರಸುದಾರರು ‘ನಮ್ಮ ತಕರಾರಿಲ್ಲ’ ಎಂದು ಸಹಿ ಹಾಕಬೇಕು. ಎಲ್ಲ ಕಾಗದ ಕೊಟ್ಟ ಮೇಲೆ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕು. ತಾನೇ ತಡಮಾಡಿದರೆ ಬಡ್ಡಿ ರೂಪದಲ್ಲಿ ಪರಿಹಾರ ಕೊಡಬೇಕು. 2026ರ ಮಾರ್ಚ್ 31ರೊಳಗೆ ಎಲ್ಲ ಬ್ಯಾಂಕುಗಳೂ ಇದನ್ನು ಜಾರಿಗೆ ತರಬೇಕೆಂದು ಗಡುವು ಕೊಡಲಾಗಿತ್ತು. ಬ್ರಾಂಚಿನವರಿಗೆ ಗೊತ್ತಿಲ್ಲದಿದ್ದರೆ ನೀವೇ ಸಮಾಧಾನವಾಗಿ ನೆನಪಿಸಿ.

ಶೇರಿನ ದಾರಿ ಇದಕ್ಕಿಂತ ಉದ್ದ. ಆದರೆ ಎಷ್ಟೋ ಮನೆಗಳಲ್ಲಿ ದೊಡ್ಡ ಮೊತ್ತ ಅಡಗಿರುವುದು ಅಲ್ಲಿಯೇ. 1973ರ ವಿದೇಶಿ ವಿನಿಮಯ ಕಾಯ್ದೆಯಿಂದಾಗಿ ವಿದೇಶಿ ಕಂಪನಿಗಳು ತಮ್ಮ ಪಾಲು ಕಡಿಮೆ ಮಾಡಿ ಭಾರತೀಯರಿಗೆ ಶೇರು ಮಾರಬೇಕಾಯಿತು. 1977ರಲ್ಲಿ ರಿಲಯನ್ಸ್ ಶೇರು ಮಾರಾಟಕ್ಕೆ ಬಂತು. ಫೋರ್ಟಿನ ಫುಟ್‌ಪಾತಿನಲ್ಲಿ ಶೇರಿನ ಫಾರ್ಮ್ ಸಿಗುತ್ತಿತ್ತು. ಆಫೀಸಿನಲ್ಲಿ ಪಕ್ಕದ ಗುಜರಾತಿ ಗೆಳೆಯ ತುಂಬಿದ ಅಂತ ನಮ್ಮವರೂ ತುಂಬಿದರು. ಹತ್ತು, ಇಪ್ಪತ್ತು, ಐವತ್ತು ಶೇರು ಬಂದವು. ಆಮೇಲೆ ಬೋನಸ್ ಎಂದು ಪುಕ್ಕಟೆ ಶೇರು ಬಂತು, ಒಂದು ಶೇರು ಹಲವಾಗಿ ಒಡೆದು ಸ್ಪ್ಲಿಟ್ ಆಯಿತು. ಮನೆ ಬದಲಿಸಿದಾಗ ಕಂಪನಿಗೆ ಹೇಳಲಿಲ್ಲ. ಡಿವಿಡೆಂಡಿನ ಚೆಕ್ಕಿನಂಥ ವಾರಂಟುಗಳು ಹಳೇ ಚಾಳಿಗೆ ಹೋಗಿ ವಾಪಸ್ ಬಂದವು.

ಕಂಪನಿ ಕಾಯ್ದೆಯ ಪ್ರಕಾರ, ಏಳು ವರ್ಷ ಯಾರೂ ತೆಗೆದುಕೊಳ್ಳದ ಡಿವಿಡೆಂಡು ಐಇಪಿಎಫ್‌ಗೆ ಹೋಗುತ್ತದೆ. ಅದು ಹೂಡಿಕೆದಾರರ ಹಿತಕ್ಕಾಗಿ ಕೇಂದ್ರ ಸರ್ಕಾರ ಮಾಡಿದ ನಿಧಿ. ಏಳು ವರ್ಷ ಸತತವಾಗಿ ಡಿವಿಡೆಂಡ್ ತೆಗೆದುಕೊಳ್ಳದಿದ್ದರೆ ಶೇರುಗಳೂ ಅಲ್ಲಿಗೇ ಹೋಗುತ್ತವೆ. ಆಗ ನಿಮ್ಮ ಕೈಯಲ್ಲಿರುವ ಸರ್ಟಿಫಿಕೇಟಿನಿಂದ ವ್ಯವಹಾರ ಮಾಡಲಾಗದು. ಆದರೂ ಅದನ್ನು ಎಸೆಯಬೇಡಿ. ಅದರ ಮೇಲಿರುವ ಫೋಲಿಯೋ ನಂಬರೇ, ಅಂದರೆ ಕಂಪನಿಯ ಪುಸ್ತಕದಲ್ಲಿ ಶೇರುದಾರರ ಖಾತೆಯ ನಂಬರೇ, ನಿಮ್ಮ ಹಕ್ಕಿನ ಬೀಗದ ಕೈ. ಐಇಪಿಎಫ್‌ನಲ್ಲಿರುವಾಗ ಬಂದ ಬೋನಸ್, ಡಿವಿಡೆಂಡು ಕೂಡ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಇದನ್ನು ಕೇಳುವುದಕ್ಕೂ ಗಡುವಿಲ್ಲ.

ಮೊದಲ ಕೆಲಸ, ಕಂಪನಿಯ ರಿಜಿಸ್ಟ್ರಾರ್ ಯಾರು ಎಂದು ಕಂಡುಹಿಡಿಯುವುದು. ಶೇರುದಾರರ ಪಟ್ಟಿ ನೋಡಿಕೊಳ್ಳುವ ಸಂಸ್ಥೆಗೆ ಆರ್‌ಟಿಎ ಎನ್ನುತ್ತಾರೆ. ಕಂಪನಿಯ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ ಇರುತ್ತದೆ. ಅವರಿಗೆ ಫೋಲಿಯೋ ನಂಬರ್ ಕೊಟ್ಟು, ಎಷ್ಟು ಶೇರು, ಎಷ್ಟು ಡಿವಿಡೆಂಡು, ಯಾವುದು ಐಇಪಿಎಫ್‌ಗೆ ಹೋಗಿದೆ ಎಂದು ಬರೆದು ಕೇಳಿ. ತೀರಿಕೊಂಡವರ ಹೆಸರಿನಲ್ಲಿದ್ದರೆ ಮೊದಲು ವಾರಸುದಾರರ ಹಕ್ಕು ಸಾಬೀತು ಮಾಡಬೇಕು. ಇದಕ್ಕೆ ‘ಟ್ರಾನ್ಸ್‌ಮಿಷನ್’ ಎನ್ನುತ್ತಾರೆ. ಮಾರಾಟದಿಂದ ಹೆಸರು ಬದಲಾದರೆ ಟ್ರಾನ್ಸ್‌ಫರ್, ಮರಣದಿಂದ ಬದಲಾದರೆ ಟ್ರಾನ್ಸ್‌ಮಿಷನ್. ಈ ವ್ಯತ್ಯಾಸ ಗೊತ್ತಿರಬೇಕು. ಯಾಕೆಂದರೆ 2019ರ ಏಪ್ರಿಲಿನಿಂದ ಕಾಗದದ ಶೇರನ್ನು ಮಾರಿ ಟ್ರಾನ್ಸ್‌ಫರ್ ಮಾಡುವುದು ನಿಂತಿತು. ಅದನ್ನು ಕೇಳಿದ ಜನ ಕಾಗದದ ಶೇರು ರದ್ದಿ ಆಯಿತು ಎಂದುಕೊಂಡರು. ಟ್ರಾನ್ಸ್‌ಮಿಷನ್ ನಿಂತಿಲ್ಲ. ಒಂದು ಕಂಪನಿಯ ಕಾಗದದ ಶೇರಿನ ಬೆಲೆ 5 ಲಕ್ಷದೊಳಗಿದ್ದರೆ, ನಾಮಿನಿ ಇಲ್ಲದಿದ್ದರೂ ಸರಳ ಕಾಗದಪತ್ರದಲ್ಲೇ ಮುಗಿಯುತ್ತದೆ. ಮೇಲಾದರೆ ಸಕ್ಸೆಷನ್ ಸರ್ಟಿಫಿಕೇಟ್ ಅಥವಾ ಅಂಥದ್ದೇ ಕಾನೂನು ದಾಖಲೆ ಬೇಕಾಗಬಹುದು.

ಕಾಗದ ಸರಿಯಿದ್ದರೆ ಕಂಪನಿ ಒಂದು ‘ಎಂಟೈಟಲ್‌ಮೆಂಟ್ ಲೆಟರ್’ ಕೊಡುತ್ತದೆ. ಇಷ್ಟು ಶೇರಿಗೆ ಇವರೇ ಹಕ್ಕುದಾರರು ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ಇಟ್ಟುಕೊಂಡು ಐಇಪಿಎಫ್-5 ಎಂಬ ಫಾರ್ಮನ್ನು ಆನ್‌ಲೈನಿನಲ್ಲಿ ತುಂಬಬೇಕು. ಶೇರು ವಾಪಸ್ ಬರುವುದು ಡಿಮ್ಯಾಟ್ ಖಾತೆಗೇ (ಶೇರನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲಿ ಇಡುವ ಖಾತೆ) ಆದ್ದರಿಂದ ಮೊದಲೇ ನಿಮ್ಮ ಹೆಸರಿನಲ್ಲಿ ಒಂದು ತೆರೆದಿಡಿ. ಫಾರ್ಮಿನ ಪ್ರಿಂಟು, ಇಂಡೆಮ್ನಿಟಿ ಬಾಂಡ್, ರಸೀದಿ ಎಲ್ಲವನ್ನೂ ಕಂಪನಿಯಲ್ಲಿ ಈ ಕೆಲಸ ನೋಡಿಕೊಳ್ಳುವ ನೋಡಲ್ ಆಫೀಸರಿಗೆ ಕಳಿಸಬೇಕು. ಅವರು ಪರಿಶೀಲಿಸಿ ವರದಿ ಕಳಿಸಿದ ಮೇಲೆ ಐಇಪಿಎಫ್ ಶೇರನ್ನು ಬಿಡುಗಡೆ ಮಾಡುತ್ತದೆ. ಇನ್ನೊಂದು ಮಾತು. ಒಂದು ಕಂಪನಿಗೆ ಒಂದು ಹಣಕಾಸು ವರ್ಷದಲ್ಲಿ ಒಂದೇ ಕ್ಲೇಮ್ ಹಾಕಬಹುದು. ಆದ್ದರಿಂದ ಈಗ ಇಷ್ಟಕ್ಕೆ, ಆಮೇಲೆ ಉಳಿದದ್ದಕ್ಕೆ ಎಂದು ತುಂಡು ತುಂಡಾಗಿ ಹಾಕಬೇಡಿ. ಶೇರು, ಡಿವಿಡೆಂಡು ಎಲ್ಲ ಲೆಕ್ಕ ತೆಗೆದು ಒಟ್ಟಿಗೇ ಹಾಕಿ.

ಎಲ್ಲ ನಿಯಮ ಗೊತ್ತಿದ್ದವರೂ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ: ಹೆಸರು. ಇದನ್ನು ಸ್ವಲ್ಪ ಉದ್ದ ಬರೆಯಲೇಬೇಕು, ಯಾಕೆಂದರೆ ಇದು ವಿಶೇಷವಾಗಿ ನಮ್ಮ ಸಮಸ್ಯೆ.

ಊರಿನಿಂದ ಬಂದಾಗ ನಮ್ಮವರ ಹೆಸರಿನಲ್ಲಿ ಮುಂದೆ ಇನಿಶಿಯಲ್. ಅದು ಕೆಲವೊಮ್ಮೆ ಊರಿನದ್ದು, ಕೆಲವೊಮ್ಮೆ ಮನೆತನದ್ದು, ಕೆಲವೊಮ್ಮೆ ಅಪ್ಪನದ್ದು. ಮಹಾರಾಷ್ಟ್ರದ ಪದ್ಧತಿಯಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಫಾರ್ಮುಗಳಲ್ಲಿ ಅಡ್ಡಹೆಸರೇ ಮೊದಲು. ಹೀಗಾಗಿ 1978ರ ಶೇರು ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರಿನಲ್ಲಿ ಮೂರನೆಯದು. ಮನುಷ್ಯ ಒಬ್ಬನೇ. ಹೆಂಗಸರದ್ದಂತೂ ಇನ್ನೂ ಕಷ್ಟ. ಊರಿನ ಶಾಲೆಯ ಸರ್ಟಿಫಿಕೇಟಿನಲ್ಲಿ ‘ಶೆಡ್ತಿ’ ಅಥವಾ ‘ಪೂಜಾರ್ತಿ’ ಎಂದಿರುತ್ತದೆ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಗಂಡನ ಹೆಸರು ನಡುವೆ ಸೇರಿ ಕೊನೆಗೆ ‘ಶೆಟ್ಟಿ’, ‘ಪೂಜಾರಿ’ ಆಗಿರುತ್ತದೆ. ಶೆಡ್ತಿ, ಶೆಟ್ಟಿ ಎರಡೂ ಒಂದೇ ಸಮುದಾಯದ ಹೆಂಗಸು ಮತ್ತು ಗಂಡಸಿಗೆ ಹೇಳುವ ಮಾತು ಎಂದು ನಮಗೆ ಗೊತ್ತು. ಆರ್‌ಟಿಎ ಆಫೀಸಿನಲ್ಲಿ ಕೂತ ಹುಡುಗನಿಗೆ ಅದು ಗೊತ್ತಿರುವುದಿಲ್ಲ. ಅವನ ಕಣ್ಣಿಗೆ ಅದು ಬೇರೆ ಅಡ್ಡಹೆಸರು, ಫೈಲು ವಾಪಸ್.

ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಎರಡೂ ಹೆಸರನ್ನು ಜೋಡಿಸುವ ಕಾಗದ ಕೊಡಬೇಕು. ಬದುಕಿರುವವರಾದರೆ ಮಹಾರಾಷ್ಟ್ರ ಸರ್ಕಾರದ ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಹಾಕಿಸಬಹುದು. ತೀರಿಕೊಂಡವರಾದರೆ ಸಾಮಾನ್ಯವಾಗಿ ವಾರಸುದಾರರು ಸ್ಟ್ಯಾಂಪ್ ಪೇಪರಿನಲ್ಲಿ ‘ಈ ಹೆಸರಿನವರೂ ಆ ಹೆಸರಿನವರೂ ಒಬ್ಬರೇ’ ಎಂದು ಅಫಿಡವಿಟ್ ಮಾಡಿ, ಜೊತೆಗೆ ಎರಡೂ ಹೆಸರಿಗೆ ಕೊಂಡಿಯಾಗುವ ದಾಖಲೆ ಇಡುತ್ತಾರೆ. ಎರಡು ಹೆಸರಿನ ದಾಖಲೆಯಲ್ಲೂ ಒಂದೇ ಹುಟ್ಟಿದ ದಿನವೋ ಒಂದೇ ವಿಳಾಸವೋ ಇದ್ದರೆ ಅದೇ ಬಲವಾದ ಸಾಕ್ಷಿ. ಹಳೆಯ ರೇಷನ್ ಕಾರ್ಡು, ಬಾಡಿಗೆ ರಸೀದಿ, ಕಂಪನಿಯಿಂದ ಬಂದ ಹಳೆಯ ಡಿವಿಡೆಂಡ್ ಲಕೋಟೆ ಕೂಡ ಕೆಲಸಕ್ಕೆ ಬರುತ್ತದೆ. ಮನೆ ಖಾಲಿ ಮಾಡುವಾಗ ಹಳೇ ಕಾಗದವನ್ನು ರದ್ದಿಯವನಿಗೆ ಕೊಡುವ ಮುಂಚೆ ಒಮ್ಮೆ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹಿರಿಯರು ಕೊನೆಗಾಲಕ್ಕೆ ಊರಿಗೆ ಹೋಗಿ ಅಲ್ಲೇ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಕರ್ನಾಟಕದ್ದಾಗಿರುತ್ತದೆ. ಅದೇನೂ ತೊಂದರೆಯಿಲ್ಲ. ಹಳೆಯದು ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿಕೊಳ್ಳಿ. ವಾರಸುದಾರರು ಯಾರ್ಯಾರು ಎಂದು ತೋರಿಸಲು ಊರಿನ ನಾಡಕಚೇರಿಯಿಂದ ವಂಶವೃಕ್ಷ ತರಿಸಬಹುದು. ಪಾಲಿನ ಸಹಿ ಹಾಕಬೇಕಾದ ಅಕ್ಕ, ಭಾವ, ಚಿಕ್ಕಪ್ಪ ಎಲ್ಲ ಊರಿನಲ್ಲೇ ಇದ್ದರೆ, ರಜೆಗೆ ಹೋದಾಗ ಒಂದೇ ಸಲ ಮುಗಿಸಿಕೊಂಡು ಬನ್ನಿ.

ವಿಮೆಯ ಹಣಕ್ಕೆ ಮಾತ್ರ ಸ್ವಲ್ಪ ಆತುರ ಬೇಕು. ಎಲ್‌ಐಸಿ ಸೇರಿದಂತೆ ಎಲ್ಲ ವಿಮಾ ಕಂಪನಿಗಳ ಸೈಟಿನಲ್ಲೂ ಯಾರೂ ಕೇಳದ ಹಣ ಹುಡುಕುವ ಪುಟ ಇದೆ. ಹತ್ತು ವರ್ಷ ದಾಟಿದರೆ ಅದು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಅಲ್ಲಿಂದ 25 ವರ್ಷದವರೆಗೆ ಕೇಳಬಹುದು. ಅದೂ ದಾಟಿದರೆ ಕೇಂದ್ರ ಸರ್ಕಾರದ್ದಾಗುತ್ತದೆ. ಹಾಗಾಗಿ ಚೀಲದಲ್ಲಿ ಪಾಲಿಸಿ ಇದ್ದರೆ ಅದನ್ನೇ ಮೊದಲು ಕೈಗೆತ್ತಿಕೊಳ್ಳಿ.

ಏಜೆಂಟರ ವಿಷಯ ಹೇಳದೆ ಇರಲಾಗದು. ‘ನಿಮ್ಮ ತಂದೆಯ ಹೆಸರಿನಲ್ಲಿ ಶೇರು ಇದೆ, ನಾವು ತೆಗೆಸಿಕೊಡುತ್ತೇವೆ, ನೂರಕ್ಕೆ ಇಷ್ಟು ಕೊಡಿ’ ಎಂದು ಫೋನು ಬರುತ್ತದೆ. ಕಂಪನಿಗಳು ಪಟ್ಟಿಯನ್ನು ಸೈಟಿನಲ್ಲಿ ಹಾಕಲೇಬೇಕು, ಅವರಿಗೆ ಹೆಸರು ಸಿಗುವುದು ಅಲ್ಲಿಂದಲೇ. ಉದ್ಗಮ್‌ನಲ್ಲಿ ಹುಡುಕಲು ದುಡ್ಡು ಕೊಡಬೇಕಿಲ್ಲ. ಐಇಪಿಎಫ್-5 ಹಾಕಲೂ ಫೀ ಇಲ್ಲ. ಕಾಗದ ಜಟಿಲವಾಗಿದ್ದರೆ ಪರಿಚಯದ ಸಿಎ ಅಥವಾ ವಕೀಲರಿಗೆ ಕೆಲಸಕ್ಕೆ ತಕ್ಕ ಫೀಸು ಕೊಟ್ಟು ಮಾಡಿಸಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಬರುವ ಹಣದಲ್ಲಿ ಪಾಲು ಎಂದು ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಮೂಲ ಸರ್ಟಿಫಿಕೇಟನ್ನು ಅಪರಿಚಿತರ ಕೈಗೆ ಕೊಡಬೇಡಿ. ಒಟಿಪಿಯನ್ನಂತೂ ಯಾರಿಗೂ ಹೇಳಲೇಬೇಡಿ.

ಬ್ಯಾಂಕು ಸುಮ್ನೆ ಅಲೆದಾಡಿಸುತ್ತಿದ್ದರೆ ಬಾಯಲ್ಲಿ ಜಗಳ ಆಡುವುದಕ್ಕಿಂತ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಹಾಕಬಹುದು, ಖರ್ಚಿಲ್ಲ. ಶೇರಿನ ವಿಷಯದಲ್ಲಿ ಕಂಪನಿಯೋ ಆರ್‌ಟಿಎಯೋ ಸತಾಯಿಸಿದರೆ ಶೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ ‘ಸ್ಕೋರ್ಸ್’ ಎಂಬ ದೂರಿನ ಸೈಟು ಇದೆ. ಬ್ಯಾಂಕಿನ ಮೇಲೆ ದೂರು ಹೇಗೆ ಹಾಕಬೇಕೆಂದು ಕೇಳಲು ರಿಸರ್ವ್ ಬ್ಯಾಂಕಿನ 14448 ಎಂಬ ನಂಬರಿಗೆ ಫೋನ್ ಮಾಡಿ. ಅಲ್ಲಿ ಹಿಂದಿ, ಇಂಗ್ಲಿಷ್, ಮರಾಠಿ ಜೊತೆಗೆ ಕನ್ನಡದಲ್ಲೂ ಮಾತಾಡುತ್ತಾರೆ.